ಹೆಬ್ಬೆರಳಿನ ಲೆಕ್ಕ

ಗುಬ್ಬಿಗೆ ಧೈರ್ಯವಿರಲಿಲ್ಲ. ನರ್ಸಿಂಗ್ ಎರಡನೇ ವರ್ಷದ ಈ ಹುಡುಗಿಗೆ ಹಾಸ್ಟೆಲ್ಲಿನವರು ಆ ಹೆಸರಿಟ್ಟದ್ದೇ, ಬಾಗಿಲು ಬಡಿದರೆ ಬೆಚ್ಚಿಬೀಳುತ್ತಾಳೆಂದು. ಹಿಂದಿನ ತಿಂಗಳು ನಾಲ್ಕನೇ ಬೆಡ್ಡಿನ ಹೆಂಗಸು ಇವಳು ನೀರು ಕುಡಿಸುತ್ತಿದ್ದಾಗಲೇ ಪ್ರಾಣ ಬಿಟ್ಟಿದ್ದಳು. ಅಂದಿನಿಂದ ವಾರ್ಡಿನ ಮೆಟ್ಟಿಲು ಹತ್ತುವಾಗಲೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು; ತುತ್ತು ಗಂಟಲಿಗಿಳಿಯುತ್ತಿರಲಿಲ್ಲ. ಅವಳು ಬಾಯಿ ಬಿಡಲಿಲ್ಲ. ಬಿಟ್ಟರೆ, ಈ ಕೆಲಸ ನಿನ್ನ ಕೈಲಾಗದು ಎಂದು ಮನೆಗೆ ಅಟ್ಟುತ್ತಾರೆ.

ಒಂದು ಬೆಳಿಗ್ಗೆ ವಾರ್ಡ್ ಸಿಸ್ಟರ್ ಎಂಟನೇ ಬೆಡ್ಡಿನ ಟೈಲರ್ ಅಜ್ಜನ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ.

"ನಾಡಿ ನಲವತ್ತೆರಡು! ಗುಬ್ಬಿ, ನೀನೆಷ್ಟು ಬರೆದಿದ್ದೀಯ?"

"ನೂರಾ ಇಪ್ಪತ್ತು, ಸಿಸ್ಟರ್."

"ಎಣಿಸು. ನನ್ನ ಮುಂದೆ."

ಗುಬ್ಬಿ ಹೆಬ್ಬೆರಳು ಒತ್ತಿ ಗೋಡೆ ಗಡಿಯಾರ ನೋಡಿದಳು. "ನೂರಾ ಮೂವತ್ತು."

"ಹೆಬ್ಬೆರಳಲ್ಲಿ ಎಣಿಸ್ತೀಯಾ?" ಸಿಸ್ಟರ್ ದನಿ ಕುಸಿಯಿತು. "ಹೆಬ್ಬೆರಳಲ್ಲೇ ನಾಡಿ ಹೊಡೀತಿರತ್ತೆ ಕಣೇ. ನೀನು ಎಣಿಸಿದ್ದು ನಿನ್ನದು!"

"ಬೇರೆ ಬೆರಳಿಟ್ರೆ ನಡುಗುತ್ತೆ ಸಿಸ್ಟರ್. ಇದು ಗಟ್ಟಿ ನಿಲ್ಲುತ್ತೆ."

"ಬೈಬೇಡಿ ಸಿಸ್ಟರಮ್ಮ," ಅಜ್ಜ ಕಣ್ಣು ಮುಚ್ಚಿಕೊಂಡೇ ತೊದಲಿದ. "ನಾನೂ ಒಂದ್ಸಲ ಗಿರಾಕಿ ಅಳತೆ ಬಿಟ್ಟು ನನ್ನ ಅಳತೆಗೆ ಪ್ಯಾಂಟು ಹೊಲಿದಿದ್ದೆ."

ಯಾರೂ ನಗಲಿಲ್ಲ. ಗುಬ್ಬಿ ಬರೆದ ಅಂಕಿ ನಂಬಿ ಡಾಕ್ಟರು ಅಜ್ಜನಿಗೆ ಮೂರು ದಿನದಿಂದ ಎದೆಬಡಿತ ಇಳಿಸುವ ಮಾತ್ರೆ ಕೊಡುತ್ತಿದ್ದರು. ಬೇರೆ ಪಾಳಿಯವರು ನಾಡಿ ಮುಟ್ಟುವ ಗೋಜಿಗೇ ಹೋಗದೆ ಅವಳ ಅಂಕಿಯನ್ನೇ ತುಸು ಆಚೀಚೆ ಮಾಡಿ ಬರೆದಿಟ್ಟಿದ್ದರು.

ಸಿಸ್ಟರ್ ಅವಳ ಮಣಿಕಟ್ಟು ಹಿಡಿದರು, ಎರಡು ಬೆರಳಿನಿಂದ. "ಎಷ್ಟು ದಿನದಿಂದ ಹೀಗೆ ಎಣಿಸ್ತಿದ್ದೀಯ?"

ಗುಬ್ಬಿ ಬಾಗಿಲತ್ತ ನೋಡಿದಳು. ಕಾರಿಡಾರಿನಲ್ಲಿ ಡಾಕ್ಟರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಇವತ್ತು ಬರೆಯುವಾಗ ಕೈತಪ್ಪಿತು ಎಂದರೆ ಬೈಗುಳದಲ್ಲಿ ಮುಗಿಯುತ್ತದೆ. ಆದರೆ ಆ ಸಾಲಿನಲ್ಲಿ ಇನ್ನೂ ನಾಲ್ವರು ಮಲಗಿದ್ದರು. ಅವರ ಚಾರ್ಟುಗಳಲ್ಲೂ ಇವಳದೇ ಅಕ್ಷರ. ಅವರು ಯಾವ ಮಾತ್ರೆ ನುಂಗುತ್ತಿದ್ದಾರೋ ಇವಳಿಗೆ ಗೊತ್ತಿಲ್ಲ.

ಡಾಕ್ಟರು ಒಳಬಂದರು.

"ಈ ಸಾಲು ನನಗೆ ಕೊಟ್ಟಾಗಿನಿಂದ, ಒಂಬತ್ತು ದಿನ, ಸರ್," ಎಂದಳು. ಅದು ತನ್ನದೇ ದನಿ ಎನಿಸಲಿಲ್ಲ. "ಈ ಸಾಲಿನ ಐದೂ ಬೆಡ್ಡು. ನಾನು ಬರೆದ ನಾಡಿ ಎಲ್ಲಾ ತಪ್ಪು. ನನಗೆ ತುಂಬಾ ಭಯ ಆಗುತ್ತೆ ಸರ್, ದಿನಾ."

ಅಜ್ಜನನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಅಲ್ಲಿ ಆರು ದಿನ ಇದ್ದು ಬದುಕಿಕೊಂಡ. ಉಳಿದ ನಾಲ್ವರಿಗೂ ಏನೂ ಆಗಲಿಲ್ಲ. ಗುಬ್ಬಿಯನ್ನು ಮನೋವೈದ್ಯರ ಬಳಿ ಕಳಿಸಿದರು, ಕೋರ್ಸು ನಿಲ್ಲಿಸಿದರು; ಗುಣವಾದರೆ ಮುಂದಿನ ವರ್ಷ ಮತ್ತೆ ಎರಡನೇ ವರ್ಷವನ್ನೇ ಮೊದಲಿನಿಂದ.

ಹೋದದ್ದು: ಅಜ್ಜನ ಆರು ದಿನ, ಅವಳ ಐದು ಕೆಜಿ ತೂಕ, ಒಂದು ವರ್ಷ.