ಕೆಂಪು ದಾರದ ಗ್ಲಾಸು

ದರ್ಜಿ ಕೆಂಪು ದಾರ ಕಟ್ಟಿದ ಗ್ಲಾಸನ್ನು ಇನ್ನೊಮ್ಮೆ ಮೂಗಿನ ಹತ್ತಿರ ತಂದ. ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಒಲ್ಲದ ಮನಸ್ಸಿನಿಂದ ನುಂಗಿ, ಗ್ಲಾಸನ್ನು ಮೇಜಿನ ಆಚೆಗೆ ತಳ್ಳಿಬಿಟ್ಟ.

“ಬೇಜಾರು ಮಾಡ್ಕೋಬೇಡಿ ಅಕ್ಕ, ಇದು ನಿಮ್ಮದು. ನೀಲಿ ದಾರದ್ದು ಅಣ್ಣನ ಕೈಯ್ದು. ಅಳತೆ ತಗೊಂಡು ಹೊಲಿದ ಹಾಗೆ ಕೂತಿದೆ. ಇದರಲ್ಲಿ ತೋಳು ಒಂದು ಕಡೆ, ಕಾಲರ್ ಒಂದು ಕಡೆ.”

ಅವಳು ಮೇಜಿನ ತುದಿಯಲ್ಲಿ ನಿಂತಿದ್ದಳು. ಕೆಂಪು ದಾರದ್ದು ಅವಳ ಗಂಡ ಸಾಯುವ ಮುಂಚೆ ಕೊನೆಯದಾಗಿ ಮಾಡಿದ ಬಿಯರು. ನೀಲಿ ದಾರದ್ದು ಅವನು ಹೋದಮೇಲೆ ಅವಳೊಬ್ಬಳೇ ಮಾಡಿದ್ದು. ಅದೇ ಟ್ಯಾಂಕು, ಅದೇ ಯೀಸ್ಟು, ಅದೇ ಲೆಕ್ಕ. ಕೋಲ್ಡ್ ರೂಮಿನಲ್ಲಿ ನಿಂತು ಎರಡನ್ನೂ ತುಂಬಿಸಿ ದಾರ ಕಟ್ಟಿ ತಂದವಳು ಅವಳೇ. ಯಾವುದು ಯಾರದು ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೆ.

ಈ ಪರೀಕ್ಷೆ ಭಾವನ ಯೋಚನೆ. ಭಾವ ಅಂದರೆ ಗಂಡನ ಅಣ್ಣ. ಟೈರ್ ಅಂಗಡಿ ನಡೆಸುವವರು, ಈ ಪುಟ್ಟ ಬ್ರೂವರಿಯಲ್ಲಿ ಅರ್ಧ ಪಾಲಿನವರು. ಒಂದು ಕಂಪನಿ ಜಾಗ, ಟ್ಯಾಂಕು, ಹೆಸರು ಎಲ್ಲವನ್ನೂ ಕೊಳ್ಳುತ್ತೇವೆಂದು ಅವರ ಬೆನ್ನು ಹತ್ತಿತ್ತು. ಭಾವ ಕೆಟ್ಟವರಲ್ಲ. ಶನಿವಾರ ಮಧ್ಯಾಹ್ನ ತಪ್ಪದೆ ಬಂದು ಕೂರುವ ಇಬ್ಬರಿಗೂ ಎರಡನ್ನೂ ಕೊಡು, ನಿನ್ನದು ಅವನದಕ್ಕೆ ಸಮ ಎಂದರೆ ನೀನೇ ನಡೆಸು, ನಾನು ಅಡ್ಡ ಬರುವುದಿಲ್ಲ. ಇಲ್ಲವೆಂದರೆ ಮಾರಿಬಿಡೋಣ ಎಂದಿದ್ದರು. ಅವಳಿಗೂ ಅದು ನ್ಯಾಯವೆನಿಸಿತ್ತು. ಸೋತರೆ ತಂಗಿಯ ಮನೆಯ ಒಂದು ಕೋಣೆ ಅವಳಿಗಾಗಿ ಕಾದಿತ್ತು. ಅಲ್ಲಿ ಮಾಡುವ ಕೆಲಸ ಮಾತ್ರ ಏನೂ ಇರಲಿಲ್ಲ.

ಆ ಇಬ್ಬರಲ್ಲಿ ಇನ್ನೊಬ್ಬರು ನಿವೃತ್ತ ನರ್ಸು. ದರ್ಜಿಯಂತೆ ಬಾಯಿಗೆ ಬಂದದ್ದನ್ನು ಆಡುವವರಲ್ಲ. ಕೆಂಪು ದಾರದ ಗ್ಲಾಸನ್ನು ಬೆಳಕಿಗೆ ಹಿಡಿದರು, ಕುಡಿದರು, ನೀರು ಮುಕ್ಕಳಿಸಿ ಮತ್ತೆ ಕುಡಿದರು.

“ಬಣ್ಣ ಸರಿಯಾಗಿದೆ. ಕಹಿನೂ ಸರಿ. ಆದ್ರೆ ಬೆಣ್ಣೆ ಕಮಟಿದ ವಾಸನೆ ಇದೆಯಮ್ಮ,” ಎಂದರು ಮೆತ್ತಗೆ. “ಅವರು ಇದ್ದಿದ್ರೆ ಇದನ್ನ ಟ್ಯಾಂಕಿಂದ ಹೊರಗೇ ಬಿಡ್ತಿರಲಿಲ್ಲ. ಅವರ ಮೂಗು ಅಂಥದ್ದು.”

ಅವಳು ಕೈ ಚಾಚಿ ಆ ಗ್ಲಾಸನ್ನು ತೆಗೆದುಕೊಂಡಳು. ಗಂಡನ ಆ ಕೊನೆಯ ಪೀಪಾಯಿಯನ್ನು ಇಷ್ಟು ದಿನ ಮುಟ್ಟುವುದಕ್ಕೇ ಅವಳಿಗೆ ಮನಸ್ಸು ಬಂದಿರಲಿಲ್ಲ. ಈಗ ಮೂಗಿನ ಬಳಿ ತರುತ್ತಲೇ ಕಮಟು ರಪ್ಪನೆ ಹೊಡೆಯಿತು. ಬಿಯರು ಹುದುಗಿ ಮುಗಿಯುವ ಹೊತ್ತಿಗೆ ಈ ವಾಸನೆ ಏಳುವುದುಂಟು. ಅದು ಹೋಗುವವರೆಗೆ ತಣ್ಣಗೆ ಮಾಡದೆ ಹಾಗೇ ಬಿಡಬೇಕು. ಮದುವೆಯಾದ ಹೊಸತರಲ್ಲಿ ಅವನು ಅವಳಿಗೆ ಹೇಳಿಕೊಟ್ಟ ಮೊದಲ ಪಾಠವೇ ಅದು. ಅಂಥವನಿಗೆ ಇದು ಹೇಗೆ ತಿಳಿಯದೆ ಹೋಯಿತು?

ಗ್ಲಾಸು ಕೈಯಲ್ಲೇ ಇತ್ತು, ಅವಳಿಗೆ ಅಡುಗೆಮನೆ ಕಣ್ಣಿಗೆ ಬಂತು. ಹಿಂದಿನ ವರ್ಷ ಅವನಿಗೆ ಬಂದ ದೊಡ್ಡ ಜ್ವರ ಇಳಿದ ಮೇಲಿನ ಒಂದು ದಿನ. ಒಲೆ ಆರಿಹೋಗಿ ಗ್ಯಾಸು ಮನೆ ತುಂಬ ನಾರುತ್ತಿತ್ತು, ಅವನು ಅದರ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ. ಅವಳು ಕೂಗಾಡಿದಾಗ ಓದುವುದರಲ್ಲಿ ಮುಳುಗಿದ್ದೆ ಎಂದು ನಕ್ಕಿದ್ದ. ಅಲ್ಲಿಂದಾಚೆಗೆ ಪ್ರತಿ ಸಲವೂ ಟ್ಯಾಂಕಿನಿಂದ ತೆಗೆದ ಮೊದಲ ಗ್ಲಾಸನ್ನು ಅವಳಿಗೇ ಕೊಡುತ್ತಿದ್ದ. ತನಗೆ ಕಲಿಸುತ್ತಿದ್ದಾನೆ ಎಂದು ಅವಳು ಹಿಗ್ಗಿದ್ದಳು. ಅವನು ನೋಡುತ್ತಿದ್ದದ್ದು ಗ್ಲಾಸನ್ನಲ್ಲ, ಅವಳ ಮುಖವನ್ನು. ಅವಳ ಹುಬ್ಬು ಚೂರು ಗಂಟಾದರೆ ಸಾಕು, ಇನ್ನೂ ಸ್ವಲ್ಪ ಬಿಡೋಣ ಎನ್ನುತ್ತಿದ್ದ. ಇಡೀ ಊರು ಹೊಗಳುತ್ತಿದ್ದ ಮೂಗು ಆ ಜ್ವರದಲ್ಲೇ ಸತ್ತುಹೋಗಿತ್ತು. ಅದನ್ನು ಅವನು ಹೆಂಡತಿಗೂ ಹೇಳದೆ ಅವಳ ಮೂಗಿನಿಂದಲೇ ಕೆಲಸ ಸಾಗಿಸಿದ್ದ. ಈ ಕೊನೆಯ ಬಿಯರು ಮಾಡಿದಾಗ ಅವಳು ತಂಗಿಯ ಹೆರಿಗೆಗೆ ಹೋಗಿದ್ದಳು. ಯಾವಾಗ ಬರ್ತೀಯ ಎಂದು ಮತ್ತೆ ಮತ್ತೆ ಫೋನು ಮಾಡಿದ್ದ. ಒಂದು ಕಾಫಿ ಕಾಸಿಕೊಳ್ಳೋಕೂ ಬರಲ್ವಾ ನಿಮಗೆ ಎಂದು ಅವಳು ಹಾಸ್ಯ ಮಾಡಿದ್ದಳು. ಅವಳು ವಾಪಸು ಬರುವಷ್ಟರಲ್ಲಿ ಪೀಪಾಯಿಗಳೆಲ್ಲ ತುಂಬಿದ್ದವು, ಅವನ ಎದೆಬಡಿತ ನಿಂತುಹೋಗಿತ್ತು.

ಅವಳಿಗೆ ಪಕ್ಕದಲ್ಲಿ ಯಾರೋ ನಿಂತು ತನ್ನ ಮುಖವನ್ನೇ ನೋಡುತ್ತಿದ್ದಾರೆ ಎನಿಸಿತು. ತಿರುಗಲಿಲ್ಲ. ಹುಬ್ಬನ್ನು ಸಡಿಲ ಬಿಟ್ಟು ಗ್ಲಾಸು ಕೆಳಗಿಟ್ಟಳು.

ಭಾವ ಎದ್ದರು. “ಇನ್ನೇನಮ್ಮ, ಇಬ್ಬರೂ ಒಂದೇ ಮಾತು ಹೇಳಿದರು. ನಿನ್ನ ತಪ್ಪಲ್ಲ. ಅವನ ಹಾಗೆ ಯಾರ ಕೈಲೂ ಆಗಲ್ಲ.”

“ಕೂತ್ಕೊಳ್ಳಿ ಭಾವ. ನೀಲಿ ನಂದು.”

ದರ್ಜಿ ನೀಲಿ ದಾರದ ಗ್ಲಾಸನ್ನು ಬಾಯಿಗೆ ಇಟ್ಟವನು ಹಾಗೇ ಇಳಿಸಿದ. ಭಾವನ ಬೆರಳು ಕೆಂಪು ದಾರದ ಕಡೆ ತಿರುಗಿತು. ತಮ್ಮನ ಕೈ ಕೆಟ್ಟಿತ್ತೇ ಎಂದು ಕೇಳಲು ಅವರಿಗೆ ಭಯವಾಗಿದೆ ಎಂಬುದು ಅವಳಿಗೆ ಕಂಡಿತು.

“ಅವರ ಪೀಪಾಯಿಯ ಪೈಪು ತೊಳೆದೇ ಇರಲಿಲ್ಲ,” ಅಂದಳು. “ಕೊಳಕು ಪೈಪಲ್ಲಿ ಬಂದ್ರೆ ಎಂಥ ಬಿಯರಾದ್ರೂ ಕಮಟು ಹೊಡೆಯುತ್ತೆ. ನಾನೇ ನೋಡ್ಕೋಬೇಕಿತ್ತು.”

ಬೆಳಿಗ್ಗೆ ಆ ಪೈಪನ್ನು ಸೋಡಾ ಬೆರೆಸಿದ ಬಿಸಿನೀರಲ್ಲಿ ಉಜ್ಜಿ ಉಜ್ಜಿ ಅವಳ ಬೆರಳ ಚರ್ಮವೆಲ್ಲ ಸುಲಿದು ಕೆಂಪಾಗಿತ್ತು. ನರ್ಸು ಆ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗಿಂದ ಬಾಯಿ ಒರೆಸಿಕೊಂಡರು.

“ಹಾಗನ್ನಿ ಮತ್ತೆ,” ಎಂದ ದರ್ಜಿ. “ಅಣ್ಣನ ಕೈ ತಪ್ಪುತ್ತಾ? ನಾನೂ ಕಣ್ಣು ಮುಚ್ಕೊಂಡು ಜಡ್ಜ್‌ಮೆಂಟ್ ಕೊಟ್ಟುಬಿಟ್ಟೆ.”

ಭಾವ ಮುಖ ಉಜ್ಜಿಕೊಂಡು ಕೂತರು. ನಿನ್ನದನ್ನೇ ಅವನದು ಅಂದಮೇಲೆ ಇನ್ನು ನನ್ನದೇನು ತಕರಾರು, ಆ ಕಂಪನಿಯವರಿಗೆ ಇಲ್ಲ ಅಂದುಬಿಡುತ್ತೇನೆ ಎಂದರು. ಅವಳು ಗೋಡೆಗೆ ಒರಗಿಕೊಂಡಳು. ಆಮೇಲೆ ಅವರು ಖಾಲಿ ಗ್ಲಾಸೊಂದನ್ನು ಅವಳ ಕಡೆ ಚಾಚಿದರು.

“ಆ ಪೈಪು ತೊಳೆದು ಒಂದೇ ಒಂದು ಗ್ಲಾಸು ಹಿಡ್ಕೊಂಡು ಬಾಮ್ಮ. ಎಷ್ಟು ಹೊತ್ತಾದ್ರೂ ಕಾಯ್ತೀನಿ. ನನ್ನ ತಮ್ಮನ ಕೈಯ್ದು ಒಂದ್ಸಲ ಸರಿಯಾಗಿ ಕುಡೀಬೇಕು.”

ಅವಳು ಕೋಲ್ಡ್ ರೂಮಿನ ಬಾಗಿಲು ಹಾಕಿಕೊಂಡಳು. ಹೊರಗಿನವರಿಗೆ ಕೇಳಲಿ ಎಂದು ನೀರು ಬಿಟ್ಟಳು, ಸುಮ್ಮನೆ ಬ್ರಶ್ಶು ಆಡಿಸಿದಳು. ಎರಡು ಪೀಪಾಯಿಗಳೂ ಅಕ್ಕಪಕ್ಕದಲ್ಲಿದ್ದವು. ಗ್ಲಾಸನ್ನು ಅವನ ನಲ್ಲಿಯ ಕೆಳಗೆ ಹಿಡಿದಳು. ಕೈ ಅಲ್ಲೇ ನಿಂತಿತು. ಮೆಲ್ಲಗೆ ಗ್ಲಾಸನ್ನು ಪಕ್ಕಕ್ಕೆ ಸರಿಸಿ ತನ್ನ ನಲ್ಲಿಯನ್ನು ತಿರುಗಿಸಿದಳು.

ಬಾಗಿಲಾಚೆ ಭಾವ ಕೆಮ್ಮಿದರು. ಅಣ್ಣತಮ್ಮಂದಿರಿಬ್ಬರದೂ ಒಂದೇ ಕೆಮ್ಮು.

“ಬಂದೆ ರೀ,” ಎಂದಳು ಅವಳು.

ನೊರೆ ಗ್ಲಾಸಿನ ಅಂಚು ದಾಟಿ, ಸುಲಿದ ಬೆರಳುಗಳ ಮೇಲೆ ತಣ್ಣಗೆ ಇಳಿಯತೊಡಗಿತು.