ಏರಿನಲ್ಲಿ ಇಳಿಯುವವರು

ನಮ್ಮ ಕಾರಿಗೆ ಮನೆಯಲ್ಲಿ ಕೆಮ್ಮಪ್ಪ ಎಂದು ಹೆಸರು. ಇಟ್ಟವಳು ಕಾಲೇಜಿಗೆ ಹೋಗುವ ನನ್ನ ಮಗಳು. ಮೂರು ಲಕ್ಷ ಕಿಲೋಮೀಟರ್ ಓಡಿದ ಕಾರು ಕೆಮ್ಮದೆ ಇನ್ನೇನು ಹಾಡುತ್ತದೆಯೇ? ಸೈಲೆನ್ಸರಿನಲ್ಲಿ ತೂತು, ಕ್ಲಚ್ಚು ಸವೆದು ಹೋಗಿದೆ, ಹಿಂದಿನ ಒಂದು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ. ಇಂಥದ್ದನ್ನು ಮಾರಲು ಹೊರಟ ನಮ್ಮನೆಯವರೋ, ಸತ್ಯ ಹೇಳುವ ಗುತ್ತಿಗೆ ಹಿಡಿದವರ ಹಾಗೆ, ಬಂದವರು ಬಾಗಿಲಿಗೆ ಕೈ ಹಾಕುವ ಮೊದಲೇ ಅದರ ರೋಗಗಳನ್ನೆಲ್ಲ ಒಪ್ಪಿಸಿಬಿಡುತ್ತಿದ್ದರು. ಇಬ್ಬರು ಗಿರಾಕಿಗಳು ಹಾಗೆಯೇ ಬಂದ ದಾರಿ ಹಿಡಿದರು.

“ರೀ, ನೀವು ಕಾರು ಮಾರ್ತಿದೀರೋ, ಮರಣೋತ್ತರ ಪರೀಕ್ಷೆ ಮಾಡ್ತಿದೀರೋ?” ಎಂದೆ.

“ಸುಳ್ಳು ಹೇಳಕ್ಕಾಗುತ್ತೇನೇ?”

“ಸುಳ್ಳು ಹೇಳಿ ಅಂದೆನಾ? ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡಿ. ಏರಿನ ವಿಷಯ ಅಂತೂ ಎತ್ತಲೇಬೇಡಿ.”

ಏರಿನ ವಿಷಯವೆಂದರೆ, ಓಡಿಸುವವರಲ್ಲದೆ ಇನ್ನೊಬ್ಬರು ಕೂತರೂ ಕೆಮ್ಮಪ್ಪ ಏರು ಹತ್ತುವುದಿಲ್ಲ. ಹೊಸ ಕ್ಲಚ್ಚು ಹಾಕಿದರೂ ಈ ಇಂಜಿನ್ನಿನಿಂದ ಅದು ಆಗದ ಮಾತು ಎಂದು ಮೆಕ್ಯಾನಿಕ್ ಕೈಚೆಲ್ಲಿದ್ದ. ನಮ್ಮ ಊರಿನಲ್ಲಿ ಇರುವುದು ಒಂದೇ ದೊಡ್ಡ ಏರು. ಅದರ ತುದಿಯಲ್ಲಿ ನನ್ನ ಅತ್ತೆಯ ತಂಗಿಯ ಮನೆ.

ಆ ಚಿಕ್ಕಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅತ್ತೆಗೆ ಮಂಡಿನೋವು, ಕೋಲಿಲ್ಲದೆ ಎರಡು ಹೆಜ್ಜೆ ಇಡುವ ಹಾಗಿಲ್ಲ. ತಿಂಗಳುಗಳಿಂದ ಅವರು ಕಾರು ಹತ್ತುವುದನ್ನೇ ಬಿಟ್ಟಿದ್ದರು. “ಸೀಟು ತಗ್ಗು ಕಣೆ, ಕೂತರೆ ಏಳಕ್ಕಾಗಲ್ಲ” ಎನ್ನುತ್ತಿದ್ದರು. ಟ್ಯಾಕ್ಸಿ ಕರೆಸುತ್ತೇನೆಂದರೆ, “ಮನೇಲಿ ಕಾರಿಟ್ಕೊಂಡು ಬಾಡಿಗೆ ಗಾಡೀನಾ? ನಾಲ್ಕು ಜನ ಏನಂದಾರು?” ಅತ್ತ ಚಿಕ್ಕಮ್ಮ ದಿನಾ ಫೋನಿನಲ್ಲಿ, “ಅಕ್ಕಾ, ನಾನಿರೋವಾಗ್ಲೇ ಒಂದ್ಸಲ ಬಂದು ಹೋಗೇ” ಎಂದು ಗೋಗರೆಯುತ್ತಿದ್ದರು. ಫೋನಿಟ್ಟ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ನನಗೆ ಅಯ್ಯೋ ಎನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೊನೆಗೆ ಎತ್ತರದ ಸೀಟಿನ, ಗಟ್ಟಿ ಇಂಜಿನ್ನಿನ ಹಳೇ ವ್ಯಾನೊಂದನ್ನು ನೋಡಿ ಇಟ್ಟೆವು. ಕೆಮ್ಮಪ್ಪ ಹೋದರೆ ತಾನೆ ಅದು ಬರುವುದು!

ಮೂರನೆಯ ಗಿರಾಕಿ ಬೇಕರಿಯವರು. ದುಂಡನೆಯ ಮನುಷ್ಯ, ಮೊಣಕೈವರೆಗೂ ಹಿಟ್ಟಿನ ಬಿಳುಪು. ಸೈಲೆನ್ಸರು, ಕ್ಲಚ್ಚು, ಬಾಗಿಲು ಎಲ್ಲ ಕೇಳಿಸಿಕೊಂಡರೂ ಓಡಿಹೋಗಲಿಲ್ಲ.

“ಖಾಲಿ ಗಾಡಿ ಯಾರು ಬೇಕಾದ್ರೂ ಓಡಿಸ್ತಾರೆ. ನಾನು ಬ್ರೆಡ್ಡಿನ ಟ್ರೇ ತುಂಬೋನು. ಲೋಡ್ ಹಾಕಿ ನೋಡ್ಬೇಕಲ್ಲ?” ಎಂದರು.

“ಲೋಡಿಗೆ ಎಲ್ಲಿಗೆ ಹೋಗೋಣ?” ಎಂದು ನಮ್ಮನೆಯವರು ತಲೆ ಕೆರೆದುಕೊಂಡರು.

ಒಳಗಿನಿಂದ ಅತ್ತೆ ಕೋಲೂರಿಕೊಂಡು ಬಂದರು. “ಭಾರ ತಾನೇ ಬೇಕಿರೋದು? ನಾನಿದ್ದೀನಲ್ಲ. ಮಾರಾಟ ಆಗೋದಾದ್ರೆ ಇದೊಂದ್ಸಲ ಕೂರ್ತೀನಿ.”

ಹಾಗೆ ಅತ್ತೆಯನ್ನು ಮುಂದೆ ಕೂರಿಸಿ, ನಾವು ಮೂವರೂ ಹಿಂದೆ ತುಂಬಿಕೊಂಡೆವು. ಬೇಕರಿಯವರು ಸ್ಟೀರಿಂಗ್ ಹಿಡಿದರು. ಪೇಟೆ ಬೀದಿಯಲ್ಲಿ ಕೆಮ್ಮಪ್ಪ ಮರ್ಯಾದಸ್ಥನ ಹಾಗೆ ನಡೆದ. ಮೂಲೆಯ ಔಷಧಿ ಅಂಗಡಿ ಬಂತು. ಅಲ್ಲಿ ಎಡಕ್ಕೆ ತಿರುಗಿದರೆ ಏರು.

“ಬಲಕ್ಕೆ ಹೋಗಿ, ಬಲಕ್ಕೆ” ಎಂದೆ. ನಮ್ಮನೆಯವರೂ ಮಗಳೂ ದನಿಗೂಡಿಸಿದರು. ಬೇಕರಿಯವರು ಕನ್ನಡಿಯಲ್ಲಿ ನಮ್ಮ ಮೂರೂ ಮುಖಗಳನ್ನು ನೋಡಿ, ತಣ್ಣಗೆ ಎಡಕ್ಕೆ ತಿರುಗಿಸಿದರು.

ಏರಿನ ಅರ್ಧಕ್ಕೆ ಕೆಮ್ಮಪ್ಪ ಏದುಸಿರು ಬಿಡತೊಡಗಿದ. ಗೇರು ಒಂದಕ್ಕೆ ಇಳಿಯಿತು. ಅಷ್ಟೇ! ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನಮ್ಮ ಕೈಗಳು ತಾವಾಗಿಯೇ ಬಾಗಿಲಿಗೆ ಹೋದವು. ಮಗಳು ಆ ಕಡೆಯಿಂದ ಹಾರಿದಳು, ನಾನು ಈ ಕಡೆಯಿಂದ ಹಾರಿದೆ. ಸ್ಟೀರಿಂಗ್ ಕೈಯಲ್ಲಿಲ್ಲದ ನಮ್ಮನೆಯವರೂ ಸುಮ್ಮನೆ ಕೂರಲಾರದೆ ಇಳಿದರು. ಚಕ್ರಕ್ಕೆ ಅಡ್ಡ ಕೊಡಲೆಂದು ಸೀಟಿನ ಕೆಳಗೆ ಒಂದು ಕಲ್ಲು ಯಾವಾಗಲೂ ಇರುತ್ತದೆ, ಅದು ನನ್ನ ಪಾಲಿನ ಕೆಲಸ. ಕಲ್ಲು ಹಿಡಿದು ನಾಲ್ಕು ಹೆಜ್ಜೆ ಓಡಿದ ಮೇಲೆ ನನಗೆ ಜ್ಞಾನೋದಯವಾಯಿತು. ಅಯ್ಯೋ, ಏರಿನ ವಿಷಯ ಎತ್ತಬೇಡಿ ಎಂದವಳೇ ನಾನು!

ಬೇಕರಿಯವರು ಹ್ಯಾಂಡ್‌ಬ್ರೇಕ್ ಎಳೆದು ಕಿಟಕಿಯಿಂದ ತಲೆ ಹೊರಹಾಕಿದರು. ನನ್ನನ್ನೂ ನೋಡಿದರು, ಕಲ್ಲನ್ನೂ ನೋಡಿದರು.

“ಹೊಡೀಬೇಡಿ ತಾಯಿ. ತಗೊಳ್ಳಲ್ಲ ಅಂತ ನಾನಿನ್ನೂ ಹೇಳಿಲ್ಲ.”

ಮಗಳು ಕಿಸಕ್ಕೆಂದಳು. ನಾನು ಕಲ್ಲನ್ನು ಚಕ್ರದ ಹಿಂದಿಟ್ಟೆ, ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನಮ್ಮನೆಯವರು ಮಾತ್ರ ಮುಂದಿನ ಕಿಟಕಿಗೆ ಬಗ್ಗಿ, “ಅಮ್ಮಾ, ಹೇಗೂ ಇಷ್ಟು ದೂರ ಬಂದಾಗಿದೆ. ತಳ್ತೀವಿ, ಚಿಕ್ಕಮ್ಮನ್ನ ನೋಡ್ಕೊಂಡೇ ಹೋಗೋಣ” ಎಂದರು.

ಅತ್ತೆ ಮೇಲಿನ ಗೇಟಿನ ಕಡೆ ಒಮ್ಮೆ ನೋಡಿದರು. “ಬೇಡ. ತಿರುಗಿಸಪ್ಪ ಗಾಡಿ.”

“ಯಾಕಮ್ಮ? ಗೇಟು ಕಾಣ್ತಾ ಇದೆ!”

“ಬೇಡ ಅಂದ್ನಲ್ಲ. ಹೋದ ಸಲ ಈ ಕನ್ನಡೀಲಿ ಎಲ್ಲಾ ನೋಡಿದೀನಿ. ಇವಳು ತಳ್ಳೀ ತಳ್ಳೀ ಸೊಂಟ ಹಿಡ್ಕೊಂಡು ರಸ್ತೆಬದೀಲಿ ಕೂತ್ಬಿಟ್ಳು. ಎಲ್ರೂ ಇಳೀತೀರಿ, ನಾನೊಬ್ಬಳು ಮಹಾರಾಣಿ ಹಾಗೆ ಮೇಲೆ ಕೂತಿರ್ತೀನಿ. ಇಳಿಯೋಣ ಅಂದ್ರೆ ಈ ಕಾಲು ಮಾತು ಕೇಳಲ್ಲ. ಸೊಸೆ ಬೆನ್ನು ಮುರಿದು ನಾನು ತಂಗಿ ಮುಖ ನೋಡ್ಬೇಕಾ?”

ಬೆಳಗಾದರೆ ನನಗೂ ಅತ್ತೆಗೂ ಜಟಾಪಟಿ, ಸಕ್ಕರೆ ಡಬ್ಬಿಯಿಂದ ಹಿಡಿದು ಕಿಟಕಿ ಪರದೆಯವರೆಗೂ. ಆ ಹೆಂಗಸು ನನ್ನ ಸೊಂಟಕ್ಕಾಗಿ ತಂಗಿಯನ್ನೇ ಬಿಟ್ಟು ಕೂತಿದ್ದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಸೀಟು ತಗ್ಗು ಅನ್ನುವುದೆಲ್ಲ ಬರೀ ನೆವ.

“ಎಂಥಾ ಹೆಂಗಸಪ್ಪಾ ನೀವು! ಬಾಯಿಬಿಟ್ಟು ಹೇಳಕ್ಕೇನಾಗಿತ್ತು?” ಎಂದು ನಡುರಸ್ತೆಯಲ್ಲೇ ರೇಗಿದೆ. ಅಳು ಬಂದಾಗ ನನ್ನ ಬಾಯಿಗೆ ಬೈಗುಳವೇ ಬರುವುದು. ಅತ್ತೆಗೆ ಅದು ಗೊತ್ತು. ಕಿಟಕಿಯಿಂದ ಕೈ ಚಾಚಿ ನನ್ನ ಸೆರಗಿನಿಂದಲೇ ನನ್ನ ಕಣ್ಣೊರೆಸಿದರು.

ಬೇಕರಿಯವರು ಗಾಡಿ ತಿರುಗಿಸಿದರು. ಮನೆ ಮುಂದೆ ತಂದು ನಿಲ್ಲಿಸಿದರು. ಇಳಿದು ಬೀಗದಕೈಯನ್ನು ಅಂಗೈಯಲ್ಲಿ ಕುಣಿಸುತ್ತಾ, “ಏರಿನಲ್ಲಿ ನೀವು ಇಳಿದು ತಳ್ತೀರಿ. ನನ್ನ ಬ್ರೆಡ್ಡು ಇಳಿದು ತಳ್ಳಲ್ವಲ್ಲಮ್ಮ” ಎಂದರು.

ವ್ಯಾನೂ ಹೋಯಿತು, ಚಿಕ್ಕಮ್ಮನ ಮನೆಯೂ ಹೋಯಿತು ಎಂದುಕೊಂಡೆ.

“ಆದ್ರೆ ನಾನು ಬ್ರೆಡ್ ಹಾಕೋ ಅಂಗಡಿಗಳೆಲ್ಲ ಕೆಳಗಿನ ಪೇಟೇಲೇ ಇವೆ. ಏರಿಗೆ ಹೋಗೋ ಯೋಚನೇನೇ ಇರ್ಲಿಲ್ಲ ನಂಗೆ. ನೀವು ಮೂವರೂ ಬಲಕ್ಕೆ ಬಲಕ್ಕೆ ಅಂತ ಬಡ್ಕೊಂಡ್ರಲ್ಲ, ಎಡಕ್ಕೇನಿದೆ ನೋಡೇಬಿಡೋಣ ಅಂತ ಹೋದೆ.” ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದರು. “ರಿಪೇರಿ ಖರ್ಚು ಮುರ್ಕೊಂಡು ಕೊಡ್ತೀನಿ. ಆಗುತ್ತಾ?”

ನಮ್ಮನೆಯವರು ತಕ್ಷಣ ತಲೆಯಾಡಿಸಿದರು. ಚೌಕಾಸಿಯಿಲ್ಲದೆ ಸೊಪ್ಪೂ ಕೊಳ್ಳದ ನಾನು ಕೂಡ ಹೂಂ ಎಂದೆ. ಕೆಮ್ಮಪ್ಪ ಕೆಮ್ಮುತ್ತಾ ಬೀದಿ ತಿರುಗಿದಾಗ ಮಗಳು ಮೂಗೊರೆಸಿಕೊಂಡಳು.

ವ್ಯಾನು ಬಂದ ದಿನವೇ ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ತಂಗಿಗೆಂದು ಹಣ್ಣಿನ ಚೀಲ. ಔಷಧಿ ಅಂಗಡಿ ದಾಟಿ ಎಡಕ್ಕೆ ತಿರುಗಿದೆವು. ಅರ್ಧ ಏರಿನಲ್ಲಿ ನಮ್ಮನೆಯವರು ಗೇರು ಬದಲಿಸಿದರು. ಮಗಳ ಕೈ ಬಾಗಿಲಿಗೆ ಹೋಯಿತು, ನನ್ನ ಕೈ ಸೀಟಿನ ಕೆಳಗೆ ಇಲ್ಲದ ಕಲ್ಲನ್ನು ತಡಕಿತು.

ಅತ್ತೆ ಹಿಂದಕ್ಕೆ ತಿರುಗದೆಯೇ ಕನ್ನಡಿಯಲ್ಲಿ ನಮ್ಮನ್ನು ಹಿಡಿದುಬಿಟ್ಟರು.

“ಕೂತ್ಕೊಳ್ರೇ ಸುಮ್ನೆ. ಇವತ್ತು ಮೊದಲು ಇಳಿಯೋಳು ನಾನು.”