ಇನ್ನೊಂದು ಮೊಳ

ಗುದ್ದಲಿ ಮತ್ತೆ ಕಲ್ಲಿಗೆ ಬಡಿದು ಠಣ್ ಎಂದಿತು. ಕುಣಿಯೊಳಗಿದ್ದ ಅಳಿಯ ಅರುಣಕುಮಾರ ಬೆವರು ಒರೆಸಿಕೊಂಡ. ಇನ್ನೂ ಮೊಣಕಾಲುದ್ದ ಇಳಿದಿರಲಿಲ್ಲ. ಹೊರ್ತಿಯ ಹಳ್ಳದ ದಂಡೆಯ ಗರಸು ನೆಲ ಬೇಸಿಗೆಯಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.

ಬೇವಿನ ನೆರಳಲ್ಲಿ ಗಂಡ ಭೀಮಶ್ಯಾನ ಹೆಣದ ಪಕ್ಕ ಕೂತ ದುರ್ಗವ್ವನಿಗೆ ಅಳುವ ತ್ರಾಣವೂ ಉಳಿದಿರಲಿಲ್ಲ. ಹಾಸಿಗೆ ಹಿಡಿದವನನ್ನು ಎತ್ತಿ ಇಳಿಸಿ ರಟ್ಟೆ ಸೋತಿದ್ದವು. ಕಣ್ಣು ಮಾತ್ರ ದಾರಿಯ ಮೇಲಿತ್ತು. ಊರಿನ ಕುರಿಗಾರರೆಲ್ಲ ಬಂದಿದ್ದರು, ಸಿದ್ದಲಿಂಗನೊಬ್ಬ ಬಂದಿರಲಿಲ್ಲ. ಅವನು ಬರುವ ಮೊದಲೇ ಮಣ್ಣು ಮುಗಿದರೆ, ಅವನು ಗಂಡನ ಮೇಲೆ ಹೊರಿಸಿದ ಮಾತು ಹಿಂದೆಗೆಯದೆ ಹಾಗೇ ಉಳಿದುಹೋಗುತ್ತದಲ್ಲ ಎಂಬುದೇ ಅವಳ ಸಂಕಟ.

*

ಭೀಮಶ್ಯಾ ದನದ ದವಾಖಾನೆಯ ಜವಾನನಾಗಿದ್ದ. ಸೂಜಿ ಕುದಿಸುವುದು, ಕುರಿಯ ಕತ್ತು ಹಿಡಿದು ನಿಲ್ಲಿಸುವುದು ಅವನ ಕೆಲಸ. ಒಂದು ವರ್ಷ ಹೊರಗಿನ ಡಾಕ್ಟರೊಬ್ಬರು ಬಂದು ಹಿಂಡು ಹಿಂಡಿನ ರಕ್ತ ತೆಗೆಸಿದರು. ಲಾಡಿಹುಳದ ಮರಿ ತಲೆಯೊಳಗೆ ಸೇರಿದ್ದರೆ, ಕುರಿ ತಲೆ ತಿರುಗಿ ನಿಂತಲ್ಲೇ ಸುತ್ತತೊಡಗುವ ಮೊದಲೇ ರಕ್ತದಲ್ಲಿ ತಿಳಿಯುತ್ತದಂತೆ. ಸಿದ್ದಲಿಂಗನ ಬೀಜದ ಟಗರಿನ ರಕ್ತದಲ್ಲಿ ರೋಗ ಸಿಕ್ಕಿತು. ನೋಡಿದರೆ ಟಗರು ಗುಂಡುಕಲ್ಲಿನಂತಿತ್ತು. ಸುದ್ದಿ ಹೇಳಲು ಹೋದ ಭೀಮಶ್ಯಾನನ್ನು ಅವನು ಬೈದು ಅಟ್ಟಿದ.

ಮಳೆಗಾಲ ಕಳೆಯುವಷ್ಟರಲ್ಲಿ ಟಗರು ನಿಂತಲ್ಲೇ ಸುತ್ತಿ ಸುತ್ತಿ ಬಿತ್ತು. ಭೀಮಶ್ಯಾ ಸಲಿಕೆ ಹೊತ್ತು ಓಡಿದ. ತಲೆಯನ್ನು ನಾಯಿಗೆ ಹಾಕಬೇಡ, ಅದು ತಿಂದು ಹೇತಲ್ಲಿ ಮೇದ ಮರಿಗಳಿಗೂ ಹುಳ ಸೇರುತ್ತದೆ ಎಂದು ಗೋಗರೆದು ತಾನೇ ಕುಣಿ ತೋಡತೊಡಗಿದ. ಎಲ್ಲಿ ಕುರಿ ಸತ್ತರೂ ಇದೇ ಅವನ ಚಾಳಿ. ಎಷ್ಟು ತೋಡಿದರೂ, "ಇನ್ನೊಂದ ಮೊಳ ಇಳೀಲಿ. ನಾಯಿ ಕೆದರ್ತಾವ." ಊರು ನಗುತ್ತಿತ್ತು.

ಸಿದ್ದಲಿಂಗ ನಗಲಿಲ್ಲ. "ನಿನ್ನ ಸೂಜೀನ ಹುಳ ಹಾಕೇತಿ," ಎಂದವನೇ ತಲೆಯನ್ನು ಅವನೆದುರೇ ನಾಯಿಗಳಿಗೆ ಎಸೆದ.

ಮರುವರ್ಷ ಸಿದ್ದಲಿಂಗನ ಮರಿಗಳು ಸುತ್ತತೊಡಗಿದವು. ಆಮೇಲೆ ಭೀಮಶ್ಯಾನನ್ನು ಕಂಡರೆ ಅವನು ದಾರಿ ಬದಲಿಸುತ್ತಿದ್ದ. ಭೀಮಶ್ಯಾ ಒಮ್ಮೆಯೂ ಆಡಿ ತೋರಿಸಲಿಲ್ಲ. ಆದರೆ ಆ ಸೂಜಿಯ ಮಾತು ಮುಳ್ಳಾಗಿ ಒಳಗೇ ಉಳಿಯಿತು. ಹಾಸಿಗೆ ಹಿಡಿದ ಮೇಲೆ ಮತ್ತೆ ಮತ್ತೆ ಹೆಂಡತಿಯನ್ನು ಕೇಳುತ್ತಿದ್ದ, "ಸೂಜಿ ಕುದಿಸಿದ್ದೆ, ಹೌದಲ್ಲ?"

ಹೌದೆನ್ನುತ್ತಿದ್ದಳು. ಅವಳು ಹೇಳಿದರೆ ಅವನಿಗೆ ಸಾಲುತ್ತಿರಲಿಲ್ಲ.

*

ನೆರಳು ವಾಲಿದ ಮೇಲೆ ಸಿದ್ದಲಿಂಗ ಬಂದ. ಚಪ್ಪಲಿ ಬಿಟ್ಟು, ಹೆಣದ ಕಾಲು ಮುಟ್ಟಿ, ಕಂಬಳಿಯನ್ನು ಬೇವಿನ ಬುಡಕ್ಕಿಟ್ಟು ಕುಣಿಗಿಳಿದ. ಅರುಣಕುಮಾರ ಮಾವನ ಸಲಿಕೆಯನ್ನೇ ಅವನ ಕೈಗೆ ಕೊಟ್ಟ.

ಕುಣಿ ಎದೆಮಟ್ಟ ಇಳಿಯಿತು. ಎಲ್ಲರೂ ಬಳಲಿದ್ದರು.

"ಸಾಕ್ರಿ ಕಾಕಾ," ಎಂದ ಅರುಣಕುಮಾರ. "ಹೊತ್ತ ಮುಳಗಾಕತ್ತೇತಿ."

ಸಿದ್ದಲಿಂಗ ತಲೆಯೆತ್ತಲಿಲ್ಲ. ಭೀಮಶ್ಯಾನ ಸಲಿಕೆಯನ್ನು ಮತ್ತೆ ನೆಲಕ್ಕೆ ಊರಿದ.

"ಇನ್ನೊಂದ ಮೊಳ ಇಳೀಲಿ," ಎಂದ. "ನಾಯಿ ಕೆದರ್ತಾವ."

ಯಾರೂ ನಗಲಿಲ್ಲ. ದುರ್ಗವ್ವ ಬಗ್ಗಿ, ಗಂಡನ ಕಿವಿಯ ಮೇಲಿದ್ದ ಹೊದಿಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.